ಬೇರು, ಬುಡ, ಪುಡಿ: ಅಣಬೆ ಹೆಕ್ಕುವವರಿಗೊಂದು ಪಾಠ

ನಾಲ್ಕು ದಿನ ಹಿಡಿದ ಮಳೆ, ನಡುವೆ ಒಂದು ಹೊತ್ತಿನ ಬಿಸಿಲು, ರಾತ್ರಿ ಒಳ್ಳೆಯ ಗುಡುಗು. ಮರುದಿನ ಬೆಳಗ್ಗೆ ಗುಡ್ಡೆಗೆ ಹೋದರೆ ಅಣಬೆ ಎದ್ದಿರುತ್ತದೆ ಎಂಬುದು ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳ ಹಳೆಯ ಲೆಕ್ಕ. ಗುಡುಗಿನ ಮಾತು ಹಾಗಿರಲಿ, ನೆಲ ಚೆನ್ನಾಗಿ ನೆನೆದು ಬೆಚ್ಚಗಾಗುವ ಹೊತ್ತು ಅದು ಹೌದು. ತುಳುವಿನವರು ಲಾಂಬು ಅನ್ನುತ್ತಾರೆ. ಕೊಡಗಿನವರಿಗೆ ಅದು ಕುಮ್ಮ್. ಹೆಸರು ಏನೇ ಇರಲಿ, ಆಟಿ ತಿಂಗಳಲ್ಲಿ ತರಕಾರಿಗೆ ತತ್ವಾರ ಇರುವಾಗ ಬಿತ್ತದೆ, ಗೊಬ್ಬರ ಹಾಕದೆ ಸಿಗುವ ಬೆಳೆ ಇದೊಂದೇ.

ಹೆಕ್ಕುವವರು ಮಾತ್ರ ಬದಲಾಗಿದ್ದಾರೆ. ಹಿಂದೆ ಮನೆಯಲ್ಲೋ ನೆರೆಕರೆಯಲ್ಲೋ ಅಣಬೆ ಬಲ್ಲ ಒಬ್ಬರು ಅಜ್ಜಿ ಇರುತ್ತಿದ್ದರು. ಕೆಲಸಕ್ಕೆ ಬರುವ ಹೆಂಗಸರಲ್ಲಿ ಒಬ್ಬಿಬ್ಬರಿಗೆ ಇಡೀ ಗುಡ್ಡೆಯ ಹುತ್ತಗಳ ಲೆಕ್ಕ ಬಾಯಿಪಾಠ ಇರುತ್ತಿತ್ತು. ಅವರು ಬುಟ್ಟಿಗೆ ಹಾಕಿದ್ದು ತಿನ್ನಲಿಕ್ಕೆ, ಕಾಲಲ್ಲಿ ಒದ್ದದ್ದು ಬಿಡಲಿಕ್ಕೆ. ಈಗ ಹುಡುಗರು ಮೊಬೈಲಲ್ಲಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ: ‘ಇದು ತಿನ್ನಬಹುದಾ?’ ಐದು ನಿಮಿಷದಲ್ಲಿ ಹತ್ತು ಮಂದಿ ‘ಹೌದು, ನಮ್ಮಲ್ಲೂ ಉಂಟು’ ಎಂದು ಬರೆಯುತ್ತಾರೆ. ಫೋಟೋದಲ್ಲಿ ಕಾಣುವುದು ಕೊಡೆಯ ಮೇಲ್ಭಾಗ ಮಾತ್ರ. ಅಣಬೆಯ ಗುರುತು ಇರುವುದೆಲ್ಲ ಕೊಡೆಯ ಅಡಿಯಲ್ಲಿ ಮತ್ತು ಮಣ್ಣಿನೊಳಗೆ. ಗುರುತು ಹೇಳುವ ಆ್ಯಪ್‌ಗಳಿಗೂ ಇದೇ ಕೊರತೆ.

ಆದ್ದರಿಂದ ಈ ಪಾಠ ಒಂದೇ ಅಣಬೆಯದ್ದು: ನಮ್ಮ ಹುತ್ತದ ಅಣಬೆ. ಅದನ್ನು ಬೇರು, ಬುಡ, ಪುಡಿ ಎಂಬ ಮೂರು ಕಡೆಯಿಂದ ನೋಡಿ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಅದಕ್ಕೆ ಬೇಕಾದ ಸಾಮಾನುಗಳನ್ನು ಮನೆಯ ಗುಜರಿಯಿಂದಲೇ ಮಾಡಿಕೊಳ್ಳುವುದು ಹೇಗೆ? ಎಲ್ಲ ಅಣಬೆ ಕಲಿಯುತ್ತೇನೆಂದು ಹೊರಡುವುದಕ್ಕಿಂತ ಒಂದನ್ನು ಗಟ್ಟಿ ಕಲಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಗೆದ್ದಲು ಮಾಡುವ ಕೃಷಿ

ಹುತ್ತದ ಅಣಬೆ ಹುತ್ತದ ಹತ್ತಿರ ಯಾಕೆ ಏಳುತ್ತದೆ ಎಂದು ತಿಳಿದರೆ ಗುರುತಿನ ಅರ್ಧ ಕೆಲಸ ಮುಗಿದಂತೆ. ಹುತ್ತ ಕಟ್ಟುವ ನಮ್ಮ ಗೆದ್ದಲುಗಳು ಒಣ ಎಲೆ, ಕಡ್ಡಿ, ಹುಲ್ಲು ಎಲ್ಲ ತಿಂದು ಬಂದು, ಅರೆ ಜೀರ್ಣವಾದ ಹಿಕ್ಕೆಯಿಂದ ನೆಲದೊಳಗೆ ಜೇನೆರಿಯಂಥ ಒಂದು ರಚನೆ ಕಟ್ಟುತ್ತವೆ. ಆ ಎರಿಯ ಮೇಲೆ ಒಂದು ಶಿಲೀಂಧ್ರ ಬೆಳೆಯುತ್ತದೆ. ಅದು ಮರದ ಗಟ್ಟಿ ಅಂಶವನ್ನು ಮೆತ್ತಗೆ ಮಾಡಿಕೊಡುತ್ತದೆ. ಸಣ್ಣ ಬಿಳಿ ಗುಂಡುಗಳಾಗಿ ಮೂಡುವ ಶಿಲೀಂಧ್ರವನ್ನೂ ಹಳೆಯ ಎರಿಯನ್ನೂ ಗೆದ್ದಲು ತಿನ್ನುತ್ತದೆ. ಅಂದರೆ ನಾವು ತೋಟ ಮಾಡಿದ ಹಾಗೆ ಗೆದ್ದಲು ನೆಲದಡಿಯಲ್ಲಿ ಅಣಬೆ ಕೃಷಿ ಮಾಡುತ್ತದೆ. ಮಳೆಗಾಲದಲ್ಲಿ ಈ ಶಿಲೀಂಧ್ರ ಎರಿಯಿಂದ ಮೇಲಕ್ಕೆ ಒಂದು ಬೇರಿನಂಥ ದಂಟು ಕಳಿಸಿ, ನೆಲ ಸೀಳಿ, ಕೊಡೆ ಬಿಚ್ಚುತ್ತದೆ. ನಾವು ಹೆಕ್ಕುವುದು ಆ ಕೊಡೆಯನ್ನು.

ವಿಜ್ಞಾನದಲ್ಲಿ ಇದರ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರು. 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಕೊಟ್ಟದ್ದು. ಆಫ್ರಿಕಾ ಮತ್ತು ಏಷ್ಯಾದಲ್ಲಿ ಮಾತ್ರ ಈ ಗೆದ್ದಲು–ಅಣಬೆ ಜೋಡಿ ಇರುವುದು. ಆಫ್ರಿಕಾದ ಜಾಂಬಿಯಾದಲ್ಲಿ ಇದೇ ಕುಲದ ಒಂದು ಜಾತಿಯ ಕೊಡೆ ಒಂದು ಮೀಟರ್ ಅಗಲದವರೆಗೂ ಆಗುತ್ತದೆ. ಮಳೆಗೆ ಹಿಡಿದುಕೊಂಡೇ ಹೋಗಬಹುದು! ಚಿಪ್ಪಣಬೆಯ ಹಾಗೆ ಇದನ್ನು ಬೈಹುಲ್ಲಿನ ಚೀಲದಲ್ಲಿ ಬೆಳೆಸಲಿಕ್ಕೆ ಆಗುವುದಿಲ್ಲ. ಗೆದ್ದಲು ಬೇಕು, ಗೆದ್ದಲಿನ ಎರಿ ಬೇಕು. ಗುಡ್ಡೆಯ ಹುತ್ತವನ್ನು ಜೆಸಿಬಿಯಲ್ಲಿ ತಟ್ಟು ಮಾಡಿದ ದಿನ ಆ ಜಾಗದ ಅಣಬೆಯ ಕತೆಯೂ ಮುಗಿಯಿತು.

ಒಂದು ಮಾತು. ನೆಲದ ಮೇಲೆ ಮಣ್ಣಿನ ಗೋಪುರ ಕಾಣಲೇಬೇಕೆಂದಿಲ್ಲ. ಎರಿ ನೆಲದಡಿಯಲ್ಲೇ ಇದ್ದು ಮೇಲೆ ಸಮತಟ್ಟಾಗಿರುವ ಜಾಗದಲ್ಲೂ ಅಣಬೆ ಏಳುತ್ತದೆ. ತೋಟದ ಬದು, ಹಟ್ಟಿಯ ಹಿಂದುಗಡೆ, ಕೆಲವೊಮ್ಮೆ ಅಂಗಳದ ಬದಿಯಲ್ಲೂ.

ಬೆಳ್ಳಿ ರೂಪಾಯಿ, ಅರಿಶಿನ, ಬೆಳ್ಳುಳ್ಳಿ

ಮೊದಲು ಬಿಟ್ಟುಬಿಡಬೇಕಾದ್ದನ್ನು ಹೇಳಿಬಿಡುತ್ತೇನೆ. ಅಣಬೆ ಬೇಯುವಾಗ ಬೆಳ್ಳಿ ರೂಪಾಯಿ ಹಾಕಿ, ಕಪ್ಪಾದರೆ ವಿಷ. ಬೆಳ್ಳುಳ್ಳಿ ಬಣ್ಣ ಬದಲಿದರೆ ವಿಷ. ಅರಿಶಿನ, ಹುಣಸೆಹುಳಿ ಹಾಕಿದರೆ ವಿಷ ಹೋಗುತ್ತದೆ. ಹುಳ ತಿಂದ ಅಣಬೆ ಮನುಷ್ಯನಿಗೂ ಆಗುತ್ತದೆ. ಬಣ್ಣದ ಅಣಬೆ ವಿಷ, ಬಿಳಿಯದ್ದು ಒಳ್ಳೆಯದು. ಇದರಲ್ಲಿ ಒಂದೂ ನಂಬುವಂಥದ್ದಲ್ಲ.

ಲೋಕದಲ್ಲಿ ಅಣಬೆ ತಿಂದು ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಅಮಾನಿಟಾ ಕುಲದ ಕೆಲವು ಅಣಬೆಗಳು. ಅವುಗಳಲ್ಲಿ ಅಚ್ಚ ಬಿಳಿ ಬಣ್ಣದವು, ನೋಡಲಿಕ್ಕೆ ಚಂದದವು, ತಿಂದರೆ ರುಚಿಯಿರುವವು ಉಂಟು. ಅದರ ವಿಷ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ. ಬೇಯಿಸಿದರೆ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಬಸವನಹುಳ ಅದನ್ನು ತಿಂದು ಆರಾಮವಾಗಿ ಹರಿದಾಡುತ್ತದೆ. ಮನುಷ್ಯನ ಪಿತ್ತಕೋಶಕ್ಕೆ ಮಾತ್ರ ಅದು ಯಮ. ಜೀವಕೋಶಗಳು ಪ್ರೋಟೀನು ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಪಶ್ಚಿಮಘಟ್ಟದ ಕಾಡುಗಳಲ್ಲೂ ಅಮಾನಿಟಾಗಳು ಉಂಟು.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕೆಲವೇ ದಿನಗಳಲ್ಲಿ 13 ಮಂದಿ ಕಾಡಣಬೆ ತಿಂದು ಸತ್ತರು. ಹೆಚ್ಚಿನವರು ಚಹಾ ತೋಟದ ಕೆಲಸಗಾರರ ಮನೆಯವರು. ಅಣಬೆ ಹೊಸದೇನೂ ಅಲ್ಲ ಅವರಿಗೆ, ವರ್ಷವೂ ಹೆಕ್ಕಿ ತಿನ್ನುವವರೇ. ನಾವೂ ಹಾಗೆಯೇ ಅಲ್ಲವೇ?

ಬೇರು

ಅಣಬೆಯನ್ನು ಕಂಡ ಕೂಡಲೇ ಕೊಡೆ ಹಿಡಿದು ಕಿತ್ತು ಬುಟ್ಟಿಗೆ ಹಾಕುವ ಅಭ್ಯಾಸ ನಮ್ಮದು. ಗುರುತಿನ ಮುಖ್ಯ ಭಾಗ ಮಣ್ಣಿನಲ್ಲೇ ಉಳಿಯಿತು.

ಹುತ್ತದ ಅಣಬೆಯ ದಂಟು ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ಅಲ್ಲಿಂದ ಕೆಳಗೆ ಬೇರಿನ ಹಾಗೆ ಇಳಿಯುತ್ತದೆ. ಹೋಗುತ್ತಾ ಸಪೂರ ಆಗುತ್ತದೆ, ಗಟ್ಟಿ ನಾರಿನ ಹಾಗೆ ಇರುತ್ತದೆ. ಆರಿಂಚು, ಒಂದಡಿ, ಕೆಲವೊಮ್ಮೆ ಇನ್ನೂ ಕೆಳಗೆ ಹೋಗಿ ಗೆದ್ದಲಿನ ಎರಿಗೆ ಸೇರುತ್ತದೆ. ಹೊಸ ಜಾಗದಲ್ಲಿ ಅಣಬೆ ಕಂಡರೆ ಗುಂಪಿನ ಒಂದೇ ಒಂದು ಅಣಬೆಯನ್ನು ಬೇರಿನ ಜಾಡು ಹಿಡಿದು ಸಾಧ್ಯವಾದಷ್ಟು ಆಳದವರೆಗೆ ಬಿಡಿಸಿ ನೋಡಬೇಕು. ಉಳಿದವುಗಳನ್ನು ಅಷ್ಟು ಅಗೆಯಬಾರದು. ಎರಿ ಒಡೆದರೆ ನಷ್ಟ ನಮಗೇ.

ಹಾರೆ, ಪಿಕಾಸು ಇದಕ್ಕೆ ಆಗದು. ಬೇರು ಕಡಿದು ಹೋಗುತ್ತದೆ. ಅದಕ್ಕೊಂದು ಕತ್ತಿ ಮಾಡಿಕೊಳ್ಳಿ. ಸವೆದುಹೋದ ಹ್ಯಾಕ್ಸಾ ಬ್ಲೇಡು ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ. ಪೈಪು ಕೊಯ್ದು ಬಿಸಾಡಿದ್ದು. ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ವೈಸಿಗೆ ಸಿಕ್ಕಿಸಿ, ಎಂಟಿಂಚಿಗೆ ಮುರಿಯಿರಿ. ಬಟ್ಟೆ ಸುತ್ತದೆ ಮುರಿಯಬೇಡಿ, ಚೂರು ಕಣ್ಣಿಗೆ ಹಾರುತ್ತದೆ. ಹಲ್ಲಿಲ್ಲದ ಬದಿಯನ್ನು ಸಾಣೆಕಲ್ಲಿಗೆ ಕೊಟ್ಟು ಹರಿತ ಮಾಡಿ. ತುದಿಯನ್ನು ಸ್ವಲ್ಪ ಚೂಪು ಮಾಡಿ. ಹಲ್ಲಿನ ಬದಿ ಹಾಗೇ ಇರಲಿ, ಮಣ್ಣು ಕೆರೆಯಲಿಕ್ಕೂ ಅಡ್ಡ ಸಿಕ್ಕಿದ ಸಣ್ಣ ಬೇರು ಕೊಯ್ಯಲಿಕ್ಕೂ ಅದೇ ಬೇಕು. ಹಿಡಿಗೆ ಅಡಿಕೆ ಮರದ ದಬ್ಬೆಯ ಎರಡು ತುಂಡು, ನಾಲ್ಕಿಂಚು ಉದ್ದದ್ದು, ಎರಡು ಬದಿಯಿಂದ ಇಟ್ಟು ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಬಿಗಿಯಾಗಿ ಸುತ್ತಿ. ಹಿಡಿಯ ಹಿಂದಿನ ತುದಿಯಲ್ಲಿ ಒಂದು ಕಟ್ಟು ತೆಂಗಿನ ನಾರು ಸೇರಿಸಿ ಕಟ್ಟಿದರೆ ಮಣ್ಣು ಝಾಡಿಸುವ ಬ್ರಷ್ಷೂ ಆಯಿತು. ಅಣಬೆಯನ್ನು ಗುಡ್ಡೆಯಲ್ಲೇ ಝಾಡಿಸಿ ತಂದರೆ ಮನೆಯಲ್ಲಿ ತೊಳೆಯುವವರ ಬೈಗುಳ ಅರ್ಧ ಕಡಿಮೆ.

ಜೊತೆಗೆ ಮುರಿದ ಕೊಡೆಯ ಒಂದು ಕಡ್ಡಿ ಇರಲಿ. ಬೇರಿನ ಬದಿಯಲ್ಲಿ ಮೆಲ್ಲಗೆ ಚುಚ್ಚುತ್ತಾ ಹೋದರೆ ಅದು ಯಾವ ಕಡೆ ವಾಲಿದೆ ಎಂದು ಗೊತ್ತಾಗುತ್ತದೆ. ಎರಿಯ ಗೂಡು ಸಿಕ್ಕಿದರೆ ಕಡ್ಡಿ ತಟ್ಟನೆ ಒಳಗಿಳಿಯುತ್ತದೆ. ಅಲ್ಲಿಗೆ ಸಾಕು. ತೆಗೆದ ಮಣ್ಣನ್ನು ಮತ್ತೆ ಹಾಕಿ ಕೈಯಲ್ಲಿ ಒತ್ತಿಬಿಡಿ.

ಬೇರು ಇದ್ದ ಮಾತ್ರಕ್ಕೆ ಹುತ್ತದ ಅಣಬೆ ಎಂದು ತೀರ್ಮಾನಿಸಬೇಡಿ. ಉದ್ದ ಬೇರಿನ ಬೇರೆ ಅಣಬೆಗಳೂ ಇವೆ. ಅವುಗಳ ಬೇರು ಮಣ್ಣಿನಲ್ಲಿ ಹುಗಿದುಹೋದ ಕುಂಬು ಮರದ ತುಂಡಿಗೋ ಮರದ ಬೇರಿಗೋ ಹೋಗಿ ನಿಲ್ಲುತ್ತದೆ. ಅವುಗಳ ಪುಡಿಯೂ ಬೇರೆ ಬಣ್ಣ. ಅದಕ್ಕೇ ಮೂರು ಪರೀಕ್ಷೆ.

ಬುಡ

ಗುಂಪಿನ ಒಂದನ್ನು ಆಳಕ್ಕೆ ಬಿಡಿಸಿದಿರಿ. ಉಳಿದ ಪ್ರತಿಯೊಂದರ ಬುಡವನ್ನೂ ಬೆರಳಲ್ಲಿ ಎರಡಿಂಚು ಬಿಡಿಸಿ ನೋಡಿ, ಆಮೇಲೆ ಕೊಯ್ಯಿರಿ. ಇದು ಪ್ರತಿ ಅಣಬೆಗೂ ಆಗಬೇಕಾದ ಕೆಲಸ. ಐವತ್ತು ಅಣಬೆಯ ನಡುವೆ ಬೇರೆ ಜಾತಿಯದ್ದು ಒಂದು ಎದ್ದಿರಬಾರದೆಂದೇನಿಲ್ಲ. ಅಮಾನಿಟಾ ಮರಗಳ ಬೇರಿನೊಂದಿಗೆ ನಂಟು ಇಟ್ಟುಕೊಂಡು ಬೆಳೆಯುವಂಥದ್ದು. ಕಾಡಿನಂಚಿನ ಹುತ್ತದ ಪಕ್ಕ ಅದಕ್ಕೂ ಜಾಗ ಉಂಟು.

ನೋಡಬೇಕಾದ್ದು ಬಟ್ಟಲು. ಕೊಲ್ಲುವ ಅಮಾನಿಟಾ ಎಳವೆಯಲ್ಲಿ ಮೊಟ್ಟೆಯ ಹಾಗೆ ಒಂದು ಪೊರೆಯೊಳಗಿರುತ್ತದೆ. ದಂಟು ಬೆಳೆದು ಪೊರೆ ಹರಿದಾಗ ಅದರ ಕೆಳಗಿನ ಭಾಗ ಬುಡದಲ್ಲಿ ಸಡಿಲವಾದ ಚೀಲದಂತೆ, ಬಟ್ಟಲಿನಂತೆ ಉಳಿಯುತ್ತದೆ. ಅದು ಮಣ್ಣಿನೊಳಗೇ ಇರುವುದರಿಂದ ಮೇಲಿಂದ ಕಿತ್ತವರಿಗೆ ಕಾಣುವುದೇ ಇಲ್ಲ. ಬುಡದಲ್ಲಿ ಬಟ್ಟಲೋ ಹರಿದ ಪೊರೆಯೋ ಉರುಟು ಗಡ್ಡೆಯೋ ಕಂಡರೆ ಆ ಅಣಬೆ ಬೇಡ. ಬೈಹುಲ್ಲಿನ ರಾಶಿಯಲ್ಲಿ ಏಳುವ ಹುಲ್ಲಣಬೆಗೂ ಬಟ್ಟಲು ಇರುತ್ತದೆ, ಅದು ತಿನ್ನುವಂಥದ್ದೇ ಎಂದು ಬಲ್ಲವರು ಹೇಳಬಹುದು. ಮಾತು ನಿಜ. ಆದರೆ ಆ ಹೋಲಿಕೆಯಿಂದಲೇ ಅಮೆರಿಕಕ್ಕೆ ಹೋದ ಆಗ್ನೇಯ ಏಷ್ಯಾದವರು ಊರಿನ ಹುಲ್ಲಣಬೆ ಎಂದುಕೊಂಡು ಅಲ್ಲಿಯ ಅಮಾನಿಟಾ ತಿಂದು ಪ್ರಾಣ ಕಳೆದುಕೊಂಡದ್ದುಂಟು. ಹುಲ್ಲಣಬೆ ಬೇಕಾದರೆ ಬೀಜ ತಂದು ಬೆಳೆಸಿಕೊಳ್ಳಬಹುದು. ಗುಡ್ಡೆಯಲ್ಲಿ ಬಟ್ಟಲಿರುವ ಅಣಬೆ ನಮಗೆ ಬೇಡವೇ ಬೇಡ.

ದಂಟಿನ ಉಂಗುರದ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಉಂಗುರ ಇದ್ದರೆ ವಿಷ ಎಂಬುದು ಪೂರ್ತಿ ಸರಿಯಲ್ಲ. ಹುತ್ತದ ಅಣಬೆಯ ಕೆಲವು ಜಾತಿಗಳಿಗೂ ಉಂಗುರದಂಥ ಗುರುತು ಇರುತ್ತದೆ. ಆದರೆ ಬೆರಳಲ್ಲಿ ಮೇಲೆ ಕೆಳಗೆ ಜಾರಿಸಲು ಬರುವ ಸಡಿಲ ಉಂಗುರ ಇದ್ದರೆ ಜಾಗ್ರತೆ. ಅದರ ವಿಷಯ ಮುಂದೆ ಬರುತ್ತದೆ.

ಕೊಡೆಯ ನೆತ್ತಿಯನ್ನೂ ಮುಟ್ಟಿ ನೋಡಿ. ಹುತ್ತದ ಅಣಬೆಗೆ ಅಲ್ಲಿ ಗಟ್ಟಿಯಾದ, ಸ್ವಲ್ಪ ಕಪ್ಪು ಬಣ್ಣದ ಮೊನೆ ಇರುತ್ತದೆ. ಗಟ್ಟಿ ಮಣ್ಣು ಸೀಳಿ ಬರಬೇಕಲ್ಲ, ಅದಕ್ಕೆ ಸಿಕ್ಕಿದ ಸಲಕರಣೆ ಅದು.

ಪುಡಿ

ಮೂರನೆಯದ್ದು ನಮ್ಮ ಹಿರಿಯರು ಮಾಡದೆ ಇದ್ದದ್ದು. ಅವರಿಗೆ ಬೇಕಾಗಲೂ ಇಲ್ಲ. ನಮಗೆ ಬೇಕು.

ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂಥ ಪದರಗಳಿವೆಯಲ್ಲ, ಅವುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳು ಉದುರುತ್ತವೆ. ಒಂದೊಂದಾಗಿ ಕಾಣದಿದ್ದರೂ ರಾಶಿ ಬಿದ್ದರೆ ಪುಡಿಯ ಬಣ್ಣ ಕಾಣುತ್ತದೆ. ಪದರದ ಬಣ್ಣ ವಯಸ್ಸಿಗೆ ತಕ್ಕಂತೆ ಬದಲಾಗಬಹುದು. ಬಲಿತ ಅಣಬೆಯಿಂದ ಉದುರಿದ ಪುಡಿಯ ಬಣ್ಣ ಆಯಾ ಜಾತಿಗೆ ಖಾಯಂ.

ಇದಕ್ಕೆ ಬೇಕಾದ್ದು: ಒಡೆದ ಫೋಟೋ ಫ್ರೇಮಿನ ಅಂಗೈ ಅಗಲದ ಗಾಜು, ಒಂದು ತೆಂಗಿನ ಗೆರಟೆ, ಒಂದು ಊಟದ ಬಟ್ಟಲು, ಮುಚ್ಚಲಿಕ್ಕೆ ಒಂದು ಪಾತ್ರೆ. ಗಾಜಿನ ಅಂಚಿಗೆ ಇನ್ಸುಲೇಷನ್ ಟೇಪು ಸುತ್ತಿ, ಕೈ ಕೊಯ್ಯದಿರಲಿ. ಬಟ್ಟಲಿಗೆ ಅರ್ಧ ಇಂಚು ನೀರು ಹಾಕಿ. ನಡುವೆ ಗೆರಟೆಯನ್ನು ಕವುಚಿ ಇಟ್ಟು ಅದರ ಮೇಲೆ ಗಾಜು. ಗೆರಟೆಯ ನೆತ್ತಿ ಅಲುಗಾಡಿದರೆ ಅರದಿಂದ ಸ್ವಲ್ಪ ತಟ್ಟು ಮಾಡಿಕೊಳ್ಳಿ. ನೀರು ಯಾಕೆಂದರೆ ಮಳೆಗಾಲದ ಇರುವೆ! ನೀರಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಅಣಬೆಯೇ ಇರುವುದಿಲ್ಲ.

ಪೂರ್ತಿ ಬಿಚ್ಚಿದ ಒಂದು ಕೊಡೆಯ ದಂಟನ್ನು ಬುಡಕ್ಕೆ ಕೊಯ್ದು, ಪದರ ಕೆಳಗಾಗುವಂತೆ ಗಾಜಿನ ಮೇಲಿಡಿ. ನೆತ್ತಿಗೆ ಒಂದು ಹನಿ ನೀರು ಬಿಡಿ. ಪಾತ್ರೆ ಕವುಚಿ ಮುಚ್ಚಿ. ಮೊಗ್ಗಿನಿಂದ ಪುಡಿ ಬೀಳುವುದಿಲ್ಲ, ಬಿಚ್ಚಿದ್ದೇ ಬೇಕು. ಆರೇಳು ಗಂಟೆಯಲ್ಲಿ ತೆಳ್ಳಗೆ ಬೀಳುತ್ತದೆ, ರಾತ್ರಿಯಿಡೀ ಬಿಟ್ಟರೆ ದಪ್ಪಗೆ. ಕೊಡೆ ಎತ್ತಿದರೆ ಗಾಜಿನ ಮೇಲೆ ಚಕ್ರದ ಕಡ್ಡಿಗಳ ಹಾಗೆ ಚಿತ್ತಾರ ಮೂಡಿರುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಗಾಜನ್ನು ಒಮ್ಮೆ ಬಿಳಿ ಕಾಗದದ ಮೇಲೆ, ಒಮ್ಮೆ ಕಪ್ಪು ಬಟ್ಟೆಯ ಮೇಲೆ ಇಟ್ಟು ಹಗಲು ಬೆಳಕಿನಲ್ಲಿ ನೋಡಬೇಕು. ಸಂದೇಹ ಬಂದರೆ ಬ್ಲೇಡಿನಲ್ಲಿ ಪುಡಿಯನ್ನು ಒಂದೆಡೆ ಕೆರೆದು ಗುಡ್ಡೆ ಮಾಡಿ, ಬಣ್ಣ ಗಟ್ಟಿಯಾಗಿ ಕಾಣುತ್ತದೆ. ಟ್ಯೂಬ್‌ಲೈಟಿನ ಬೆಳಕಲ್ಲಿ ತೀರ್ಮಾನ ಬೇಡ.

ಹುತ್ತದ ಅಣಬೆಯ ಪುಡಿ ನಸು ಗುಲಾಬಿ, ಕೆನೆಗೆ ಒಂದು ಚೂರು ಕೆಂಪು ಬೆರೆಸಿದ ಹಾಗೆ. ಅಮಾನಿಟಾದ್ದು ಬಿಳಿ. ಬಿಳಿ ಪುಡಿಯ ಒಳ್ಳೆಯ ಅಣಬೆಗಳೂ ಇವೆ, ಆದರೆ ಅವು ಈ ಪಾಠದವಲ್ಲ. ಪುಡಿ ಹಸಿರಾಗಿ ಬಂದರೆ? ಅದು ಕ್ಲೋರೋಫಿಲ್ಲಮ್ ಎಂಬ ಅಣಬೆ. ಮಳೆಗಾಲದಲ್ಲಿ ಹುಲ್ಲು ಬಯಲು, ದನ ಮೇಯುವ ಜಾಗ, ಗೊಬ್ಬರ ಬಿದ್ದ ಕಡೆ ಎಲ್ಲ ದೊಡ್ಡ ದೊಡ್ಡ ಬಿಳಿ ಕೊಡೆ, ಮೇಲೆ ಕಂದು ಚೆಕ್ಕೆ, ದಂಟಿನಲ್ಲಿ ಆಗ ಹೇಳಿದ ಜಾರುವ ಉಂಗುರ. ಎಳವೆಯಲ್ಲಿ ಪದರ ಬಿಳಿಯೇ ಇರುತ್ತದೆ, ಬಲಿತ ಮೇಲೆ ಹಸಿರು ಛಾಯೆ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ ಭೇದಿ. ಸಾಮಾನ್ಯವಾಗಿ ಜೀವ ತೆಗೆಯದು, ಆದರೆ ಮಕ್ಕಳನ್ನೂ ಪ್ರಾಯದವರನ್ನೂ ಹೈರಾಣ ಮಾಡುತ್ತದೆ. ಕಪ್ಪು, ಕಂದು ಪುಡಿ ಬಂದರೂ ಬಿಟ್ಟುಬಿಡಿ.

ಗುಲಾಬಿ ಪುಡಿ ಬಂದರೆ ಸಾಕೇ? ಸಾಲದು. ಗುಲಾಬಿ ಪುಡಿಯ ವಿಷದ ಅಣಬೆಗಳೂ ಉಂಟು, ಅವುಗಳಿಗೆ ಹುತ್ತಕ್ಕಿಳಿಯುವ ಬೇರು ಇಲ್ಲ. ಈ ಪರೀಕ್ಷೆಗಳ ಉಪಯೋಗ ಬೇಡದ್ದನ್ನು ಬಿಡಲಿಕ್ಕೆ. ಒಂದರಲ್ಲಿ ಪಾಸಾದ ಮಾತ್ರಕ್ಕೆ ಬಾಣಲೆಗೆ ಹಾಕುವ ಹಾಗಿಲ್ಲ. ಬೇರು, ಬುಡ, ಪುಡಿ ಮೂರೂ ಕೂಡಬೇಕು. ಮೊದಲ ಒಂದೆರಡು ವರ್ಷ ಬಲ್ಲವರೊಬ್ಬರ ಕಣ್ಣೂ ಬೇಕು.

‘ಪುಡಿ ಬೀಳುವವರೆಗೆ ಕಾದರೆ ಅಣಬೆ ಹಾಳಾಗುವುದಿಲ್ಲವೇ?’ ಎಂದು ನೆರೆಯವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹುತ್ತದ ಅಣಬೆ ಒಂದು ದಿನದ ಮೇಲೆ ನಿಲ್ಲುವುದಿಲ್ಲ, ಹುಳ ಬೀಳುತ್ತದೆ. ಬೆಳಗ್ಗೆ ಏಳಕ್ಕೆ ಹೆಕ್ಕಿ ಬಂದು ಒಂದು ಕೊಡೆಯನ್ನು ಗಾಜಿಗೆ ಹಾಕಿದರೆ ಸಂಜೆಯ ಬೆಳಕು ಹೋಗುವ ಮೊದಲು ಬಣ್ಣ ಕಾಣುತ್ತದೆ, ಪದಾರ್ಥ ರಾತ್ರಿಯೂಟಕ್ಕೆ. ಹುತ್ತದ ಅಣಬೆ ವರ್ಷ ವರ್ಷವೂ ಅದೇ ಜಾಗದಲ್ಲಿ ಏಳುವಂಥದ್ದು. ಹೊಸ ಜಾಗಕ್ಕೆ ಮೊದಲ ವರ್ಷ ಇಷ್ಟು ಮಾಡಿ, ಒಂದು ನೋಟ್‌ಪುಸ್ತಕದಲ್ಲಿ ‘ಹುತ್ತ 1, ಕೆರೆ ಬದಿ, ಹುತ್ತ 2, ಗೇರು ಮರದಡಿ’ ಎಂದು ನಂಬ್ರ ಹಾಕಿ, ತಾರೀಕು, ಬೇರಿನ ಉದ್ದ, ಪುಡಿಯ ಬಣ್ಣ ಬರೆದಿಡಿ. ಮತ್ತಿನ ವರ್ಷಗಳಲ್ಲಿ ಬೇರು ಬುಡ ನೋಡುವ ಕೆಲಸ ತಪ್ಪುವುದಿಲ್ಲ, ಪುಡಿಯ ಕಾಯುವಿಕೆ ಕಡಿಮೆಯಾಗುತ್ತದೆ. ತಾರೀಕು ಬರೆದಿಟ್ಟವರಿಗೆ ಇನ್ನೊಂದು ಲಾಭ. ಯಾವ ಹುತ್ತದಲ್ಲಿ ಯಾವ ವಾರ ಅಣಬೆ ಏಳುತ್ತದೆಂದು ನಾಲ್ಕೈದು ವರ್ಷದಲ್ಲಿ ಅಂದಾಜು ಸಿಗುತ್ತದೆ. ಪುಸ್ತಕ ನೆರೆಯವರಿಗೆ ತೋರಿಸುವುದೋ ಬಿಡುವುದೋ ನಿಮ್ಮಿಷ್ಟ!

ಕಲ್ಲಣಬೆ, ನುಚ್ಚಣಬೆ

ಈ ಎರಡರ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಕಲ್ಲಣಬೆ, ತುಳುವಿನ ಕಲ್ಲಲಾಂಬು, ಮೊದಲ ಮಳೆಗೆ ಕಾಡಿನ ಕೆಲವು ಮರಗಳಡಿ ಮಣ್ಣಿನಲ್ಲಿ ಅರೆ ಹುಗಿದು ಗೋಲಿಯ ಹಾಗೆ ಸಿಗುತ್ತದೆ. ಪೇಟೆಯಲ್ಲಿ ಒಳ್ಳೆಯ ಕ್ರಯ. ಇದಕ್ಕೆ ಕೊಡೆಯಿಲ್ಲ, ಬೇರಿಲ್ಲ, ನಮ್ಮ ಮೂರು ಪರೀಕ್ಷೆ ನಡೆಯದು. ಆದರೆ ಒಂದು ಕೆಲಸ ಕಡ್ಡಾಯ: ಪ್ರತಿಯೊಂದನ್ನೂ ನೆತ್ತಿಯಿಂದ ಬುಡಕ್ಕೆ ಸರಿಯಾಗಿ ಇಬ್ಭಾಗ ಮಾಡಿ ನೋಡುವುದು. ಎಳೆಯ ಕಲ್ಲಣಬೆಯ ಒಳಗೆ ಪೂರ್ತಿ ಒಂದೇ ಸಮನೆ ಬಿಳಿ. ಕಪ್ಪಾಗಿದ್ದರೆ ಬಲಿತದ್ದು. ಒಳಗೆ ಪುಟ್ಟ ಕೊಡೆ, ದಂಟು, ಪದರದ ಆಕಾರ ಚಿತ್ರ ಬರೆದ ಹಾಗೆ ಕಂಡರೆ ಅದು ಕಲ್ಲಣಬೆಯಲ್ಲ, ಪೊರೆ ಹರಿಯದ ಅಮಾನಿಟಾ ಮೊಟ್ಟೆ ಇರಬಹುದು. ಅದನ್ನು ಮುಟ್ಟಿದ ಕತ್ತಿಯನ್ನೂ ತೊಳೆಯಿರಿ, ಜೊತೆಗಿದ್ದ ರಾಶಿಯನ್ನು ಪೂರ್ತಿ ಮತ್ತೊಮ್ಮೆ ನೋಡಿ. ಹೊಟ್ಟೆ ಕೆಡಿಸುವ ಬೇರೆ ಉರುಟು ಅಣಬೆಗಳೂ ಇರುವುದರಿಂದ ಕಲ್ಲಣಬೆಯನ್ನು ಬಲ್ಲವರಿಂದ ಕಲಿಯದೆ ಹೆಕ್ಕಬೇಡಿ.

ನುಚ್ಚಣಬೆ ಗೆದ್ದಲಿನದ್ದೇ ತಂಗಿ. ಗೆದ್ದಲು ಹೊರಗೆ ಹಾಕಿದ ಎರಿಯ ಚೂರಿನ ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ನೂರಾರು ಏಳುತ್ತದೆ. ಉದ್ದ ಬೇರು ಇಲ್ಲ. ಸಣ್ಣ ಬಿಳಿ ಅಣಬೆಗಳಲ್ಲಿ ವಿಷದವು ಹಲವು. ಹೊಸಬರು ನುಚ್ಚಣಬೆಯಿಂದ ಪಾಠ ಸುರು ಮಾಡುವುದು ಬೇಡ.

ಹೆಕ್ಕಬಾರದ ಜಾಗ

ಅಣಬೆ ಒಳ್ಳೆಯ ಜಾತಿಯದ್ದೇ ಆದರೂ ಜಾಗ ಸರಿಯಿಲ್ಲದಿದ್ದರೆ ಬೇಡ. ಅಣಬೆಗೆ ತಾನು ನಿಂತ ಮಣ್ಣಿನ ಲೋಹಾಂಶಗಳನ್ನು ಹೀರಿಕೊಳ್ಳುವ ಗುಣ ಉಂಟು. ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಬಿಡುವ ಹೊತ್ತೂ ಅಣಬೆ ಏಳುವ ಹೊತ್ತೂ ಒಂದೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ವರ್ಷಕ್ಕೆ ಎರಡು ಮೂರು ಸಲ, ತಲೆಮಾರಿನಿಂದ. ಗೊನೆಗೆ ಬಿಟ್ಟದ್ದು ಅಣಬೆಯ ನೆತ್ತಿಗೂ ಬೀಳುತ್ತದೆ, ಮಣ್ಣಿಗೂ ಸೇರುತ್ತದೆ. ಮದ್ದು ಬಿಟ್ಟ ತೋಟದ ಒಳಗಿನ ಅಣಬೆ ಬಿಟ್ಟು ಗುಡ್ಡೆಯದ್ದನ್ನು ಹೆಕ್ಕುವುದು ಒಳ್ಳೆಯದು. ತೆಂಗಿನ ಸಸಿಯ ಬುಡಕ್ಕೆ ಗೆದ್ದಲಿನ ವಿಷ ಹೊಯ್ದ ಜಾಗ, ಕಳೆನಾಶಕ ಬಿಟ್ಟ ರಬ್ಬರ್ ತೋಟ, ಹೆದ್ದಾರಿಯ ಬದಿ, ಕಸ ಸುಟ್ಟ ಜಾಗ ಇವೂ ಬೇಡ. ರಸ್ತೆ ಬದಿಯಲ್ಲಿ ಮಾರಲಿಕ್ಕೆ ಇಟ್ಟದ್ದನ್ನು ಕೊಳ್ಳುವುದಾದರೆ ಬುಡ ಸಮೇತ ಇದ್ದದ್ದನ್ನೇ ಕೊಳ್ಳಿ. ಬುಡ ಕೊಯ್ದು ಚಂದ ಮಾಡಿಟ್ಟದ್ದರಲ್ಲಿ ನೋಡಲಿಕ್ಕೆ ಏನು ಉಳಿದಿದೆ?

ಹೆಕ್ಕಲಿಕ್ಕೆ ಬಿದಿರಿನ ಬುಟ್ಟಿಯೇ ಆಗಬೇಕು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆವರಿ ಎರಡು ಗಂಟೆಯಲ್ಲಿ ಲೋಳೆ. ಬುಟ್ಟಿಗೆ ಅಡಿಕೆ ಹಾಳೆಯ ಅಡ್ಡಗೋಡೆ ಸಿಕ್ಕಿಸಿ ಒಂದೊಂದು ಹುತ್ತದ್ದನ್ನು ಒಂದೊಂದು ಕೋಣೆಯಲ್ಲಿಡಿ. ಒಂದು ಹುತ್ತದ್ದರಲ್ಲಿ ಸಂಶಯ ಬಂದರೆ ಅಷ್ಟನ್ನೇ ಎಸೆಯಬಹುದು.

ಹೊಟ್ಟೆ ಕೆಟ್ಟರೆ

ಅಡಿಗೆ ಮಾಡುವಾಗ ಒಂದು ಹಸಿ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟುಬಿಡಿ. ಏನಾದರೂ ಆದರೆ ವೈದ್ಯರಿಗೆ ಅದೇ ಆಧಾರ.

ಇಲ್ಲಿ ಗಮನಿಸಬೇಕಾದ್ದು ಹೊತ್ತು. ತಿಂದ ಒಂದೆರಡು ಗಂಟೆಯಲ್ಲಿ ವಾಂತಿ ಸುರುವಾದರೆ ಹೆಚ್ಚಾಗಿ ಹೊಟ್ಟೆಯ ತೊಂದರೆ. ಆಗಲೂ ವೈದ್ಯರಲ್ಲಿಗೆ ಹೋಗಲೇಬೇಕು. ಅಮಾನಿಟಾ ಹಾಗಲ್ಲ. ರಾತ್ರಿ ಉಂಡವನಿಗೆ ಬೆಳಗ್ಗಿನವರೆಗೆ ಏನೂ ಆಗುವುದಿಲ್ಲ. ಆರರಿಂದ ಇಪ್ಪತ್ತನಾಲ್ಕು ಗಂಟೆ ಕಳೆದು ವಾಂತಿ, ನೀರಿನಂಥ ಭೇದಿ. ಮತ್ತೆ ಒಂದು ದಿನ ಎಲ್ಲ ಸರಿಯಾದ ಹಾಗೆ ಕಾಣುತ್ತದೆ. ಮೋಸ ಇರುವುದು ಅಲ್ಲಿಯೇ. ‘ಗುಣ ಆಯಿತು’ ಎಂದು ಮನೆಗೆ ಕರೆದುಕೊಂಡು ಬರುವ ಆ ದಿನದಲ್ಲಿ ಒಳಗೆ ಪಿತ್ತಕೋಶ ಹಾಳಾಗುತ್ತಿರುತ್ತದೆ. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಅಣಬೆ ತಿಂದು ಆರು ಗಂಟೆ ಕಳೆದ ಮೇಲೆ ಸುರುವಾದ ವಾಂತಿ ಭೇದಿಗೆ ಮನೆಮದ್ದು ಬೇಡ, ಉಪ್ಪುನೀರು ಕುಡಿಸಿ ಕಕ್ಕಿಸುವುದೂ ಬೇಡ. ನೇರ ದೊಡ್ಡಾಸ್ಪತ್ರೆಗೆ ಹೋಗಿ. ಅಣಬೆ ತಿಂದದ್ದು ಎಷ್ಟು ಹೊತ್ತಿಗೆ, ಯಾರ್‍ಯಾರು ತಿಂದದ್ದು ಎಂದು ಮೊದಲ ಮಾತಲ್ಲೇ ಹೇಳಿ. ಒಟ್ಟಿಗೆ ಉಂಡವರು ಆರಾಮ ಇದ್ದರೂ ಅವರನ್ನೂ ಕರೆದುಕೊಂಡು ಹೋಗಿ. ಬೇಗ ಹೋದರೆ ಉಳಿಸುವ ಚಿಕಿತ್ಸೆ ಇದೆ.

ಒಣಗಿಸುವ ಅಟ್ಟ

ಹುತ್ತ ಒಲಿದ ವರ್ಷ ಒಂದೇ ದಿನ ನಾಲ್ಕೈದು ಕಿಲೋ ಬರುತ್ತದೆ. ಹಂಚಿ ಉಳಿದದ್ದನ್ನು ಒಣಗಿಸಬಹುದು, ಆದರೆ ಆಟಿಯಲ್ಲಿ ಬಿಸಿಲೆಲ್ಲಿ? ಬಚ್ಚಲಿನ ಹಂಡೆಯ ಒಲೆ ಉಂಟಲ್ಲ! ಬೆಳಗ್ಗೆ ಸಂಜೆ ಹೇಗೂ ಉರಿಯುತ್ತದೆ.

ಅಡಿಕೆ ಸಲಾಕೆಯಲ್ಲಿ ಎರಡಡಿಗೆ ಮೂರಡಿಯ ಒಂದು ಚೌಕಟ್ಟು ಮಾಡಿ. ಅದಕ್ಕೆ ಬಿದಿರ ಕಡ್ಡಿಗಳನ್ನು ಒತ್ತೊತ್ತಾಗಿ ಹೆಣೆಯಿರಿ, ಇಲ್ಲವೇ ಸಣ್ಣ ಕಣ್ಣಿನ ತಂತಿ ಬಲೆ ಬಡಿಯಿರಿ. ನೈಲಾನ್ ಸೊಳ್ಳೆಬಲೆ ಬೇಡ, ಬಿಸಿಗೆ ಕರಗುತ್ತದೆ. ಒಲೆಯಿಂದ ನಾಲ್ಕಡಿ ಎತ್ತರದಲ್ಲಿ ಪಕ್ಕಾಸಿಗೆ ಸರಿಗೆ ಕಟ್ಟಿ ತೂಗುಬಿಡಿ. ನೇರ ಹೊಗೆ ತಾಗಿದರೆ ಅಣಬೆ ಕಪ್ಪಾಗಿ ಹೊಗೆ ನಾತ ಬರುತ್ತದೆ. ಅದಕ್ಕೆ ಅಟ್ಟದ ಕೆಳಗೆ ಒಂದಡಿ ಬಿಟ್ಟು ಎಣ್ಣೆ ಡಬ್ಬ ಬಿಡಿಸಿದ ತಗಡನ್ನು ಅಡ್ಡ ತೂಗಿಸಿ. ಹೊಗೆ ಬದಿಯಿಂದ ಹೋಗುತ್ತದೆ, ಶಾಖ ಮಾತ್ರ ಮೇಲೆ ಸಿಗುತ್ತದೆ. ತಗಡಿಗೆ ಬೆಂಕಿಯ ನಾಲಗೆ ಮುಟ್ಟದಷ್ಟು ಎತ್ತರ ಇರಲಿ.

ಅಣಬೆಯನ್ನು ಕಾಲು ಇಂಚು ದಪ್ಪಕ್ಕೆ ಸೀಳಿ ಒಂದರ ಮೇಲೊಂದು ಬೀಳದಂತೆ ಹರಡಿ. ತೊಳೆದ ಅಣಬೆ ಆದರೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಎರಡು ಮೂರು ದಿನ ಬೇಕು. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ಆಗಿಲ್ಲ. ಹತ್ತು ಕಿಲೋ ಹಸಿಗೆ ಒಂದು ಕಿಲೋ ಒಣ ಅಣಬೆ ಎಂಬುದು ಅಂದಾಜು ಲೆಕ್ಕ. ಬಿಸಿ ಆರಿದ ಕೂಡಲೇ ಗಾಜಿನ ಬಾಟ್ಲಿಗೆ ತುಂಬಿ ಮುಚ್ಚಳ ಬಿಗಿಯಿರಿ. ಮಳೆಗಾಲದ ಗಾಳಿಗೆ ಅರ್ಧ ಗಂಟೆ ಇಟ್ಟರೂ ಮೆತ್ತಗಾಗುತ್ತದೆ. ಬಾಟ್ಲಿಯ ಮೇಲೆ ಹುತ್ತದ ನಂಬ್ರ, ತಾರೀಕು ಇರಲಿ. ಬೇಕಾದಾಗ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಆ ನೀರನ್ನು ಚೆಲ್ಲಬೇಡಿ, ಸೋಸಿ ಪದಾರ್ಥಕ್ಕೇ ಹಾಕಿ, ಪರಿಮಳ ಇರುವುದು ಅದರಲ್ಲಿ. ಅಡಿಯಲ್ಲಿ ನಿಂತ ಮಣ್ಣು ಮಾತ್ರ ಬಗ್ಗಿಸದಿರಿ.